ಮಾಡೆಲ್ ಮೇಲೆ ಸರಿ, ಬಾಯಲ್ಲಿ ಹೈ: ಬೈಟ್ ರೆಕಾರ್ಡ್ ಎಲ್ಲಿ ತಪ್ಪಿದೆ ಎಂದು ಆರ್ಟಿಕ್ಯುಲೇಟರ್ ಮೇಲೆ ಹಿಡಿಯುವುದು

"ಕ್ರೌನ್ ಹೈ ಬಂದಿದೆ, ಅರ್ಧ ಗಂಟೆಯಿಂದ ಉಜ್ಜುತ್ತಾ ಇದೀನಿ." ಡೆಂಟಲ್ ಲ್ಯಾಬ್ ನಡೆಸುವ ಯಾರಿಗೂ ಈ ಫೋನು ಹೊಸದಲ್ಲ. ಹೈ ಎಂದರೆ ಕ್ರೌನ್ (ಹಲ್ಲಿನ ಮೇಲೆ ಕೂರಿಸುವ ಟೋಪಿ) ಎತ್ತರವಾಗಿ, ಕಚ್ಚುವಾಗ ಉಳಿದ ಹಲ್ಲಿಗಿಂತ ಮೊದಲೇ ತಾಗುವುದು. ಬೈಟ್ (ಹಲ್ಲುಗಳು ಕಚ್ಚುವ ಜಾಗವನ್ನು ಮೇಣದಲ್ಲೋ ಸಿಲಿಕೋನಿನಲ್ಲೋ ಹಿಡಿದ ಗುರುತು) ಸರಿ ಇರಲಿಲ್ಲ ಎಂದು ಲ್ಯಾಬಿನವರು, ಮೌಂಟಿಂಗ್ (ಮಾಡೆಲ್ಲನ್ನು ಯಂತ್ರಕ್ಕೆ ಪ್ಲಾಸ್ಟರಿನಿಂದ ಕೂರಿಸಿದ್ದು) ಸರಿ ಇರಲಿಲ್ಲ ಎಂದು ಡಾಕ್ಟ್ರು. ಇಬ್ಬರ ಮಾತು ಮುಗಿಯುವಷ್ಟರಲ್ಲಿ, ಕುರ್ಚಿಯಲ್ಲಿ ಬಾಯಿ ತೆರೆದು ಕೂತವರು ಇನ್ನೊಂದು ದಿನದ ಕೂಲಿ ಬಿಟ್ಟು ಮತ್ತೆ ಬರಬೇಕಾಗಿರುತ್ತದೆ. ನನ್ನನ್ನು ಕಾಡುವುದು ಅದು. ಆದ್ದರಿಂದ ಈ ಬರಹ ಲ್ಯಾಬಿನಲ್ಲಿ ಕೂತವರಿಗೂ, ಕ್ಲಿನಿಕ್ಕಿನಲ್ಲಿ ಬೈಟ್ ತೆಗೆಯುವವರಿಗೂ ಸೇರಿಸಿ.

ಆರ್ಟಿಕ್ಯುಲೇಟರ್ ಎಂದರೆ ಮೇಲಿನ, ಕೆಳಗಿನ ಮಾಡೆಲ್ಲುಗಳನ್ನು ಹಿಡಿದು ದವಡೆಯ ಹಾಗೆ ತೆರೆದು ಮುಚ್ಚುವ ಯಂತ್ರ. ಮಾಡೆಲ್ ಎಂದರೆ ಬಾಯಲ್ಲಿ ತೆಗೆದ ಅಳತೆಗೆ (ಅಚ್ಚಿಗೆ) ಸ್ಟೋನ್ ಎಂಬ ಗಟ್ಟಿ ಪ್ಲಾಸ್ಟರ್ ಹೊಯ್ದು ಮಾಡಿದ ಹಲ್ಲುಸಾಲು. ಆರ್ಟಿಕ್ಯುಲೇಟರ್ ತನಗೆ ಕೊಟ್ಟ ಬೈಟನ್ನು ತಿದ್ದುವುದಿಲ್ಲ. ತಪ್ಪು ಬೈಟ್ ಕೊಟ್ಟರೆ ಆ ತಪ್ಪನ್ನೇ ಭದ್ರವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಅದೇ ಯಂತ್ರದ ಮೇಲೆ ಬೈಟನ್ನೇ ಪರೀಕ್ಷೆಗೆ ಒಡ್ಡಲೂ ಬರುತ್ತದೆ. ನಮ್ಮಲ್ಲಿ ಹೆಚ್ಚಿನವರು ಆ ಕೆಲಸಕ್ಕೆ ಅದನ್ನು ಬಳಸುವುದಿಲ್ಲ. ತಪ್ಪು ಹೆಚ್ಚಾಗಿ ಇರುವ ಜಾಗ ನಾಲ್ಕು: ಮಾಡೆಲ್, ಬೈಟ್, ಮೌಂಟಿಂಗ್, ಯಂತ್ರ. ಯಾವುದೆಂದು ಖಚಿತವಾಗುವ ತನಕ ಬರ್ (ಉಜ್ಜುವ ಮೊನೆ) ಕೈಗೆತ್ತಿಕೊಳ್ಳಬೇಡಿ. ಉಜ್ಜಿ ಹೋದದ್ದು ವಾಪಸ್ ಬರುವುದಿಲ್ಲ, ಉಜ್ಜಿದ ಮೇಲೆ ತಪ್ಪಿನ ಗುರುತೂ ಉಳಿಯುವುದಿಲ್ಲ.

ಎಷ್ಟು ಸೂಕ್ಷ್ಮ ಬೇಕು ಎನ್ನುವುದಕ್ಕೆ ಒಂದು ಅಳತೆ. ಅನ್ನದಲ್ಲಿ ಕೂದಲು ಸಿಕ್ಕರೆ ಹಲ್ಲಿಗೆ ತಕ್ಷಣ ಗೊತ್ತಾಗುತ್ತದೆ. ಕೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಎಷ್ಟೋ ಕಡೆ ಬಳಸುವ ದಪ್ಪ ನೀಲಿ ಆರ್ಟಿಕ್ಯುಲೇಟಿಂಗ್ ಪೇಪರ್ 200 ಮೈಕ್ರಾನ್. ಹಲ್ಲು ಗುರುತಿಸುವುದಕ್ಕಿಂತ ಎಷ್ಟೋ ಪಟ್ಟು ದಪ್ಪದ ಕಾಗದದಿಂದ ಹೈ ಹುಡುಕಿದರೆ ಎಲ್ಲ ಕಡೆ ನೀಲಿ ಕಾಣುತ್ತದೆ, ನಿಜವಾದ ಜಾಗ ಕಾಣುವುದಿಲ್ಲ. ಹಲ್ಲುಗಳ ನಡುವೆ ಇಟ್ಟು ಎಳೆದು ನೋಡುವ, ಸುಮಾರು 8 ಮೈಕ್ರಾನಿನ ಶಿಮ್ ಸ್ಟಾಕ್ ಹಾಳೆ ಒಂದು ಸುರುಳಿ ಕೊಂಡಿಡಿ. ಈ ಕೈಪಿಡಿಗೆ ಬೇಕಾದ ಮುಖ್ಯ ಸಾಮಾನು ಅದೇ, ಬೆಲೆಯೂ ಹೆಚ್ಚಿಲ್ಲ.

ಶುರು ಮಾಡುವ ಮೊದಲು

ಬೈಟ್ ಬಾಯಿಂದ ಬಂದದ್ದು, ಅದಕ್ಕೆ ಎಂಜಲೂ ರಕ್ತವೂ ತಾಗಿರುತ್ತದೆ. ಗ್ಲೌಸ್ ಹಾಕಿ, ಹರಿಯುವ ತಣ್ಣೀರಿನಲ್ಲಿ ತೊಳೆದು, ಸೋಂಕು ನಿವಾರಕ ಸಿಂಪಡಿಸಿ, ಅದರ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಮತ್ತೆ ತೊಳೆಯಿರಿ. ಮೇಣದ ಬೈಟಿಗೆ ಬಿಸಿನೀರು ತಾಗಿಸಲೇಬಾರದು. ಪಾಲಿಈಥರ್ (ರಬ್ಬರಿನಂಥ ಅಚ್ಚಿನ ವಸ್ತು) ಬೈಟನ್ನು ದ್ರಾವಣದಲ್ಲಿ ಮುಳುಗಿಸಿ ಮರೆತುಬಿಟ್ಟರೆ ನೀರು ಕುಡಿದು ಊದುತ್ತದೆ. ಒಣ ಸ್ಟೋನ್ ಕೆರೆಯುವಾಗ ಮಾಸ್ಕ್ ಇರಲಿ. ಆ ದೂಳಿನಲ್ಲಿ ಸಿಲಿಕಾ ಇರಬಹುದು, ಶ್ವಾಸಕೋಶದ ಆಳಕ್ಕೆ ಹೋದದ್ದು ಸುಲಭವಾಗಿ ಹೊರಗೆ ಬರುವುದಿಲ್ಲ.

ಲಕ್ಷಣ: ಬೈಟ್ ಮೇಲೆ ಮಾಡೆಲ್ ಕೂರುವುದಿಲ್ಲ, ಅಲುಗುತ್ತದೆ

ಬೈಟನ್ನು ಕೆಳಗಿನ ಮಾಡೆಲ್ ಮೇಲಿಟ್ಟು ಬೆರಳ ತುದಿಯಿಂದ ಎರಡೂ ಕಡೆ ಸರದಿಯಲ್ಲಿ ಒತ್ತಿ. ಕಾಲು ಸಮ ಇಲ್ಲದ ಮಣೆಯ ಹಾಗೆ ಅತ್ತಿತ್ತ ಆಡಿದರೆ ಅಲ್ಲೇ ನಿಲ್ಲಿ. ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಹತ್ತರಲ್ಲಿ ಹೆಚ್ಚಿನ ಸಲ ಕಾರಣ ಮಾಡೆಲ್ಲಿನದೇ. ಅಲ್ಜಿನೇಟ್ (ನೀರಲ್ಲಿ ಕಲಸುವ ಮೆತ್ತನೆ ಅಚ್ಚಿನ ಪುಡಿ) ಅಳತೆಯಲ್ಲಿ ಹಲ್ಲಿನ ಗುಳಿಗಳ ಜಾಗಕ್ಕೆ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ, ಮಾಡೆಲ್ಲಿನಲ್ಲಿ ಅದೇ ಜಾಗಕ್ಕೆ ಸಾಸಿವೆಯಷ್ಟು ಸ್ಟೋನ್ ಗಂಟು ಬರುತ್ತದೆ. ಒಳ್ಳೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಪ್ರತಿ ದವಡೆ ಹಲ್ಲಿನ ಗುಳಿಯನ್ನೂ ನೋಡಿ, ಚೂಪಾದ ಉಪಕರಣದಿಂದ ಗಂಟನ್ನು ಎತ್ತಿ ತೆಗೆಯಿರಿ. ಎರಡು ನಿಮಿಷದ ಕೆಲಸ.

ಗಂಟು ಇಲ್ಲ, ಆದರೂ ಕೂರುತ್ತಿಲ್ಲ ಎಂದರೆ ಬೈಟನ್ನು ನೋಡಿ. ಬೈಟ್ ಸಿಲಿಕೋನ್ ಬಾಯಲ್ಲಿನ ಪ್ರತಿ ಸಣ್ಣ ಗೆರೆಯನ್ನೂ ಹಿಡಿಯುತ್ತದೆ. ಅಲ್ಜಿನೇಟಿನಿಂದ ಬಂದ ಮಾಡೆಲ್ಲಿನಲ್ಲಿ ಅಷ್ಟು ಸೂಕ್ಷ್ಮ ಇರುವುದಿಲ್ಲ. ಸೂಕ್ಷ್ಮವಾದದ್ದು ಒರಟಾದದ್ದರ ಮೇಲೆ ಪೂರ್ತಿ ಇಳಿಯದೆ ಮೇಲೆಯೇ ತೇಲುತ್ತದೆ. ಒಸಡಿಗೆ ತಾಗಿದ, ಹಲ್ಲಿನ ಪಕ್ಕಕ್ಕೆ ಇಳಿದ ಸಿಲಿಕೋನೂ ಹೀಗೇ ಸ್ಪ್ರಿಂಗಿನಂತೆ ಮಾಡೆಲ್ಲನ್ನು ಎತ್ತುತ್ತದೆ. ಹೊಸ ಬ್ಲೇಡು ತೆಗೆದುಕೊಂಡು, ಕಸ್ಪ್ (ಹಲ್ಲಿನ ಮೇಲಿನ ದಿಬ್ಬ) ತುದಿಗಳ ಗುರುತು ಮಾತ್ರ ಉಳಿಯುವ ಹಾಗೆ ಬೈಟನ್ನು ಕತ್ತರಿಸಿ. ಹೊರಪಕ್ಕದ ಅಂಚನ್ನು ಪೂರ್ತಿ ತೆಗೆದರೆ ತುದಿಗಳು ಗುರುತಿನೊಳಗೆ ಕೂತಿವೆಯೇ ಎಂದು ಕಣ್ಣಿಗೆ ನೇರವಾಗಿ ಕಾಣುತ್ತದೆ. ಕೈಯನ್ನು ಮೇಜಿಗೆ ಊರಿ, ಬ್ಲೇಡನ್ನು ದೇಹದಿಂದ ಆಚೆಗೆ ನಡೆಸಿ.

ಇಷ್ಟಾದರೂ ಅಲುಗಿದರೆ ಮಾಡೆಲ್ಲೇ ತಿರುಚಿದೆ ಎಂದು ಅರ್ಥ. ಅಲ್ಜಿನೇಟ್ ಅಳತೆಗೆ 10-12 ನಿಮಿಷದೊಳಗೆ ಸ್ಟೋನ್ ಹೊಯ್ಯಬೇಕು. ಒಣಗಲು ಬಿಟ್ಟರೆ ಕುಗ್ಗುತ್ತದೆ, ನೀರಲ್ಲಿ ಬಿಟ್ಟರೆ ಉಬ್ಬುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಸಂಜೆ ಬಸ್ಸಿಗೆ ಹಾಕಿದ ಅಳತೆಯಿಂದ ಸರಿಯಾದ ಮಾಡೆಲ್ ಬರಲಾರದು. ಇದಕ್ಕೆ ಲ್ಯಾಬಿನಲ್ಲಿ ಮದ್ದಿಲ್ಲ, ಹೊಸ ಅಳತೆಯೇ ಬೇಕು.

ಲಕ್ಷಣ: ಕೈಯಲ್ಲಿ ಕೂಡಿಸಿದರೆ ಮಾಡೆಲ್ ಭದ್ರ, ಬೈಟ್ ಇಟ್ಟರೆ ಬಾಯಿ ತೆರೆಯುತ್ತದೆ

ಒಂದೋ ಎರಡೋ ಕ್ರೌನಿನ ಕೆಲಸ, ಉಳಿದ ಹಲ್ಲುಗಳೆಲ್ಲ ಇವೆ, ಮೇಲಿನ ಮತ್ತು ಕೆಳಗಿನ ಮಾಡೆಲ್ ಕೈಯಲ್ಲಿ ಹಿಡಿದರೆ ಒಂದೇ ಜಾಗಕ್ಕೆ ಟಕ್ ಎಂದು ಕೂರುತ್ತವೆ. ಹಾಗಿದ್ದರೆ ಪೂರ್ತಿ ದವಡೆಯ ಬೈಟ್ ಬೇಕೇ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಲ್ಲು ಹಲ್ಲಿಗೆ ತಾಗುವುದಕ್ಕಿಂತ ನಿಖರವಾದ ಬೈಟ್ ಯಾವ ಟ್ಯೂಬಿನಿಂದಲೂ ಬರುವುದಿಲ್ಲ. ನಡುವೆ ತುರುಕಿದ ಸಿಲಿಕೋನ್, ಮೇಣ ಎಷ್ಟೇ ತೆಳುವಾಗಿದ್ದರೂ ಮಾಡೆಲ್ಲನ್ನು ಒಂದಿಷ್ಟು ಎತ್ತಿಯೇ ಇಡುತ್ತದೆ. ಆ 'ಒಂದಿಷ್ಟು' ನಾಳೆ ಬಾಯಲ್ಲಿ ಹೈ ಆಗಿ ಬರುತ್ತದೆ.

ಪರೀಕ್ಷೆ ಸುಲಭ. ಬೈಟ್ ಇಲ್ಲದೆ ಮಾಡೆಲ್ಲುಗಳನ್ನು ಕೂಡಿಸಿ, ಕೋರೆಹಲ್ಲಿನ ಹತ್ತಿರ ಮೇಲಿಂದ ಕೆಳಕ್ಕೆ ಪೆನ್ಸಿಲ್ಲಿನಿಂದ ಒಂದು ನೇರ ಗೆರೆ ಎಳೆಯಿರಿ, ಎರಡೂ ಪಕ್ಕ. ಈಗ ಬೈಟ್ ಇಟ್ಟು ನೋಡಿ. ಗೆರೆ ಒಂದೇ ಸಾಲಿನಲ್ಲಿದ್ದು ಮಾಡೆಲ್ ಬರೀ ಮೇಲಕ್ಕೆ ಎದ್ದಿದ್ದರೆ ಬೈಟ್ ದಪ್ಪ, ಅಥವಾ ಕತ್ತರಿಸಿದ್ದು ಸಾಲದು. ಗೆರೆ ಹಿಂದೆ ಮುಂದೆ ಮುರಿದಿದ್ದರೆ ರೋಗಿ ಬೇರೆ ಜಾಗದಲ್ಲಿ ಕಚ್ಚಿದ್ದಾರೆ. ಕೆಳದವಡೆಗೆ ಇಂಜೆಕ್ಷನ್ ಕೊಟ್ಟು, ಒಂದು ಗಂಟೆ ಬಾಯಿ ತೆರೆಸಿ, ಮರಗಟ್ಟಿದ ಬಾಯಲ್ಲೇ "ಕಚ್ಚಿ" ಎಂದರೆ ಹೀಗಾಗುವುದು ಸಹಜ. ರೋಗಿಯ ತಪ್ಪಲ್ಲ. ಹಲ್ಲು ಕೊರೆಯುವ ಮೊದಲೇ ಎರಡು ಸಲ ಕಚ್ಚಿಸಿ ಅಭ್ಯಾಸ ಮಾಡಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಬೈಟ್ ಬೇಕೇ ಬೇಕಾದ ಕಡೆಗಳೂ ಇವೆ: ಸಾಲಿನ ಕೊನೆಯ ದವಡೆ ಹಲ್ಲನ್ನೇ ಕೊರೆದಿದ್ದಾಗ, ಉದ್ದದ ಬ್ರಿಡ್ಜಿನಲ್ಲಿ, ಹಿಂದಿನ ಹಲ್ಲುಗಳೇ ಇಲ್ಲದಾಗ. ಅಲ್ಲಿ ಕೊರೆದ ಹಲ್ಲಿನ ಮೇಲೆ ಮಾತ್ರ ಬೈಟ್ ಇರಲಿ, ಕೊರೆಯದ ಹಲ್ಲುಗಳು ನೇರವಾಗಿ ಒಂದಕ್ಕೊಂದು ತಾಗಲಿ.

ಲಕ್ಷಣ: ಕ್ಲಿನಿಕ್ಕಿನಲ್ಲಿ ಸರಿಯಿದ್ದ ಬೈಟ್ ಲ್ಯಾಬಿಗೆ ಬರುವಷ್ಟರಲ್ಲಿ ಬಾಗಿದೆ

ಮೇಣದ ಬೈಟಾಗಿದ್ದರೆ ಇದನ್ನೇ ಮೊದಲು ಅನುಮಾನಿಸಿ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಬಸ್ಸಿನ ಡಿಕ್ಕಿಯಲ್ಲಿ, ಬಿಸಿಲಿಗೆ ನಿಲ್ಲಿಸಿದ ಸ್ಕೂಟರಿನ ಡಿಕ್ಕಿಯಲ್ಲಿ ಇನ್ನೂ ಹೆಚ್ಚು. ಮೇಣ ಕರಗಬೇಕಾಗಿಲ್ಲ, ಮೆತ್ತಗಾದರೆ ಸಾಕು, ತನ್ನ ತೂಕಕ್ಕೇ ಬಾಗುತ್ತದೆ. ಬಿಸಿ ಮಾಡಿ ಮಡಿಸಿದ ಮೇಣದೊಳಗೆ ಬಿಗಿತ ಉಳಿದಿರುವುದರಿಂದ ತಣ್ಣಗೆ ಇಟ್ಟರೂ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ.

ಸಮತಟ್ಟಾದ ಗಾಜಿನ ಮೇಲೆ ಬೈಟ್ ಇಟ್ಟು ಅಡಿಯಲ್ಲಿ ಬೆಳಕು ಎಲ್ಲೆಲ್ಲಿ ನುಸುಳುತ್ತದೆ ನೋಡಿ, ಮರುದಿನ ಮತ್ತೆ ನೋಡಿ. ಬದಲಾಗಿದ್ದರೆ ಅದನ್ನು ಬಿಸಿ ಮಾಡಿ ಮಾಡೆಲ್ ಮೇಲೆ ಒತ್ತಿ ಕೂರಿಸುವ ಆಸೆ ಬೇಡ. ಹಾಗೆ ಕೂತದ್ದು ಮಾಡೆಲ್ಲಿನ ಬೈಟ್, ಬಾಯಿಯದ್ದಲ್ಲ. ಮೇಣವೇ ಬೇಕೆಂದರೆ ಅದೇ ದಿನ, ಸಾಧ್ಯವಾದರೆ ಅದೇ ಗಂಟೆ ಮೌಂಟ್ ಮಾಡಿ. ದೂರದ ಲ್ಯಾಬಿಗೆ ಕಳಿಸುವುದಾದರೆ ಗಟ್ಟಿ ಬೈಟ್ ಸಿಲಿಕೋನೇ ಲೇಸು. ಅದನ್ನೂ ಮಾಡೆಲ್ಲುಗಳ ನಡುವೆ ಸಿಕ್ಕಿಸಿ ರಬ್ಬರ್ ಬ್ಯಾಂಡ್ ಹಾಕಿ ಕಳಿಸಬೇಡಿ, ಬೇರೆ ಡಬ್ಬಿಯಲ್ಲಿ ಸಡಿಲವಾಗಿ ಇಡಿ.

ಲಕ್ಷಣ: ಮೌಂಟ್ ಮಾಡುವಾಗ ಸರಿಯಿತ್ತು, ಪ್ಲಾಸ್ಟರ್ ಗಟ್ಟಿಯಾದ ಮೇಲೆ ಪಿನ್ ಎದ್ದಿದೆ

ಪಿನ್ ಎಂದರೆ ಯಂತ್ರದ ಮುಂದುಗಡೆ ತೋಳುಗಳ ನಡುವಿನ ಎತ್ತರ ಹಿಡಿಯುವ ಕಡ್ಡಿ. ಅದು ತನ್ನ ತಟ್ಟೆಯಿಂದ ಎದ್ದಿದ್ದರೆ ಮಾಡೆಲ್ಲುಗಳು ತೆರೆದುಕೊಂಡಿವೆ ಎಂದು ಅರ್ಥ. ಇದು ಬೈಟಿನ ದೋಷವೇ ಅಲ್ಲ, ಲ್ಯಾಬಿನಲ್ಲಿರುವ ನಮ್ಮದು. ಆದರೂ ಬೈಟಿನ ಹೆಸರಿಗೆ ಬರುತ್ತದೆ.

ಮೊದಲು ಯಂತ್ರ. ಮೌಂಟಿಂಗ್ ಪ್ಲೇಟಿನ ಅಡಿಯಲ್ಲಿ ಹಳೇ ಪ್ಲಾಸ್ಟರಿನ ಒಂದು ಚೂರು ಸಿಕ್ಕಿದ್ದರೂ ಸಾಕು. ಪ್ಲೇಟ್ ಬಿಚ್ಚಿ ಬ್ರಷ್ಷಿನಿಂದ ಉಜ್ಜಿ. ಸ್ಕ್ರೂ ಪೂರ್ತಿ ಬಿಗಿ ಮಾಡಿ. ಸೆಂಟ್ರಿಕ್ ಲಾಕ್ (ಯಂತ್ರದ ಕೀಲು ಸರಿಯದಂತೆ ಹಿಡಿಯುವ ಬೀಗ) ಹಾಕಿ, ಮೇಲಿನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಎಡಬಲಕ್ಕೆ ಮೆಲ್ಲಗೆ ಎಳೆಯಿರಿ. ಲಾಕ್ ಹಾಕಿದ ಮೇಲೂ 'ಕಟ್ ಕಟ್' ಎಂದರೆ ಆ ಯಂತ್ರದ ಮೇಲೆ ಯಾವ ಬೈಟನ್ನೂ ಪರೀಕ್ಷಿಸಲು ಬಾರದು, ರಿಪೇರಿಗೆ ಕಳಿಸಿ. ಕ್ಲಿನಿಕ್ಕಿನಲ್ಲಿ ಒಂದು, ಲ್ಯಾಬಿನಲ್ಲಿ ಇನ್ನೊಂದು ಯಂತ್ರ ಇಟ್ಟುಕೊಂಡು ಮೌಂಟ್ ಆದ ಮಾಡೆಲ್ ಮಾತ್ರ ಓಡಾಡಿಸುವವರು, ಎರಡೂ ಒಂದೇ ಅಳತೆಗೆ ಹೊಂದಿವೆಯೇ ಎಂದು ತಯಾರಕರು ಕೊಡುವ ಬ್ಲಾಕಿನಿಂದ ನೋಡಬೇಕು. ಒಂದೇ ಕಂಪನಿಯದ್ದು ಎಂದ ಮಾತ್ರಕ್ಕೆ ನಂಬಬೇಡಿ.

ಯಂತ್ರ ಸರಿಯಿದ್ದರೆ ಪ್ಲಾಸ್ಟರ್ ನೋಡಿ. ಗಟ್ಟಿಯಾಗುವಾಗ ಪ್ಲಾಸ್ಟರ್ ಹಿಗ್ಗುತ್ತದೆ. ಪಿ.ಓ.ಪಿ.ಯನ್ನು ಬೆಟ್ಟದಂತೆ ಪೇರಿಸಿದರೆ ಹಿಗ್ಗುವುದೂ ಅಷ್ಟೇ ಹೆಚ್ಚು. ಕಡಿಮೆ ಹಿಗ್ಗುವ ಮೌಂಟಿಂಗ್ ಪ್ಲಾಸ್ಟರ್ ಬಳಸಿ, ಮೊದಲು ಸ್ವಲ್ಪ ಹಾಕಿ ಗಟ್ಟಿಯಾದ ಮೇಲೆ ಉಳಿದದ್ದು ತುಂಬಿ. ಮಾಡೆಲ್ಲಿನ ಬುಡವನ್ನು ಮೊದಲು ನೆನೆಸಿ. ಒಣ ಬುಡ ನೀರು ಎಳೆದುಕೊಂಡರೆ ಅಂಟೂ ಸರಿಯಿರುವುದಿಲ್ಲ. ಪ್ಲಾಸ್ಟರ್ ಗಟ್ಟಿಯಾಗುವ ತನಕ ಮಾಡೆಲ್ಲುಗಳನ್ನು ಕಡ್ಡಿ ಮತ್ತು ಸ್ಟಿಕಿ ವ್ಯಾಕ್ಸಿನಿಂದ ಮೂರು ಕಡೆ ಬಂಧಿಸಿ. ಹಿಂದಿನ ಹಲ್ಲಿಲ್ಲದ ಮಾಡೆಲ್ಲಿಗೆ ರಬ್ಬರ್ ಬ್ಯಾಂಡ್ ಬಿಗಿದರೆ ಅದು ಹಿಂದಕ್ಕೆ ಕುಸಿಯುತ್ತದೆ.

ಲಕ್ಷಣ: ಕ್ರೌನ್ ಮಾಡೆಲ್ ಮೇಲೆ ಸರಿ, ಬಾಯಲ್ಲಿ ಹೈ

ಇಲ್ಲಿ ನಿಧಾನವಾಗಿ ಹೋಗೋಣ, ಏಕೆಂದರೆ ಬಹುಪಾಲು ಜಗಳ ಇಲ್ಲೇ.

ಮೊದಲ ಪ್ರಶ್ನೆ: ಕ್ರೌನ್ ಪೂರ್ತಿ ಕೂತಿದೆಯೇ? ಪಕ್ಕದ ಹಲ್ಲಿಗೆ ಬಿಗಿಯಾಗಿದ್ದರೆ, ಒಳಗೆ ಲೋಹದ ಅಥವಾ ಸೆರಾಮಿಕ್ಕಿನ ಸಣ್ಣ ಮಣಿ ಇದ್ದರೆ ಅದು ಮೇಲೆಯೇ ನಿಂತು ಹೈ ಎಂಬಂತೆ ಕಾಣುತ್ತದೆ. ಎರಡೂ ಪಕ್ಕ ಫ್ಲಾಸ್ ಹಾಕಿ ನೋಡಿ, ಅಂಚನ್ನು ಪ್ರೋಬಿನಿಂದ ಸುತ್ತ ಮುಟ್ಟಿ. ಕೂರದ ಕ್ರೌನಿನ ಮೇಲ್ಭಾಗ ಉಜ್ಜಿ, ಸಿಮೆಂಟ್ ಹಾಕುವಾಗ ಅದು ಪೂರ್ತಿ ಇಳಿದು, ಕೊನೆಗೆ ಎದುರಿನ ಹಲ್ಲಿಗೆ ತಾಗದೇ ಹೋದದ್ದನ್ನು ಬೇಕಾದಷ್ಟು ಸಲ ಕಂಡಿದ್ದೇನೆ.

ಎರಡನೆಯದು: ಕ್ರೌನ್ ತೆಗೆದು, ರೋಗಿಗೆ ಸಹಜವಾಗಿ ಕಚ್ಚಲು ಹೇಳಿ, ಅಕ್ಕಪಕ್ಕದ ಮತ್ತು ಎದುರು ಬದಿಯ ಹಲ್ಲುಗಳ ನಡುವೆ ಶಿಮ್ ಎಳೆಯಿರಿ. ಯಾವ ಜೋಡಿ ಹಾಳೆಯನ್ನು ಹಿಡಿಯುತ್ತದೆ, ಯಾವುದು ಬಿಡುತ್ತದೆ ಎಂದು ಬರೆದುಕೊಳ್ಳಿ. ಈಗ ಆರ್ಟಿಕ್ಯುಲೇಟರ್ ಮೇಲೆ, ಕ್ರೌನ್ ತೆಗೆದು, ಅದೇ ಜೋಡಿಗಳಲ್ಲಿ ಶಿಮ್ ಎಳೆಯಿರಿ. ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಉತ್ತರ ಅಲ್ಲೇ ಇರುತ್ತದೆ.

ಬಾಯಲ್ಲಿ ಹಿಡಿಯುವ ಜೋಡಿ ಆರ್ಟಿಕ್ಯುಲೇಟರ್ ಮೇಲೆ ಬಿಡುತ್ತದೆಯೇ? ಹಾಗಾದರೆ ಕ್ರೌನ್ ಮಾಡುವ ಮೊದಲೇ ಮಾಡೆಲ್ಲುಗಳು ತೆರೆದುಕೊಂಡಿದ್ದವು. ಆ ತೆರಪಿನಷ್ಟೇ ಎತ್ತರದ ಕ್ರೌನ್ ಬಂದಿದೆ. ದೋಷ ಮೌಂಟಿಂಗಿನದು ಅಥವಾ ಬೈಟಿನದು, ಹಿಂದಿನ ವಿಭಾಗಗಳಿಗೆ ಮರಳಿ. ಎರಡೂ ಪಟ್ಟಿ ಒಂದೇ ಆಗಿದ್ದು, ಕ್ರೌನ್ ಹಾಕಿದಾಗ ಆರ್ಟಿಕ್ಯುಲೇಟರ್ ಮೇಲೂ ಪಕ್ಕದ ಜೋಡಿ ಬಿಟ್ಟುಬಿಡುತ್ತದೆಯೇ? ಹಾಗಾದರೆ ಬೈಟ್ ನಿರ್ದೋಷಿ, ಲ್ಯಾಬಿನವರೇ ಎತ್ತರ ಬಿಟ್ಟಿದ್ದಾರೆ. ಎರಡೂ ಪಟ್ಟಿ ಒಂದೇ, ಕ್ರೌನ್ ಹಾಕಿದರೂ ಆರ್ಟಿಕ್ಯುಲೇಟರ್ ಮೇಲೆ ಎಲ್ಲವೂ ಹಿಡಿಯುತ್ತವೆ, ಬಾಯಲ್ಲಿ ಮಾತ್ರ ಹೈ ಎಂದರೆ, ಕೊರೆದ ಹಲ್ಲಿನ ಅಥವಾ ಅದರ ಎದುರಿನ ಹಲ್ಲಿನ ಅಳತೆ ತಪ್ಪಿದೆ, ಇಲ್ಲವೇ ಆ ಹಲ್ಲು ಸರಿದಿದೆ. ಟೆಂಪರರಿ ಕ್ರೌನ್ ಹಾಕದೆ, ಅಥವಾ ಬಿದ್ದುಹೋದದ್ದನ್ನು ಹಾಗೇ ಬಿಟ್ಟು ಕೆಲವು ವಾರ ಕಳೆದರೆ ಎದುರಿನ ಹಲ್ಲು ಆ ತೆರಪಿಗೆ ಇಳಿಯತೊಡಗುತ್ತದೆ. ಆಗ ಯಾವ ಬೈಟನ್ನೂ ಯಾವ ಲ್ಯಾಬನ್ನೂ ದೂರಿ ಪ್ರಯೋಜನವಿಲ್ಲ.

ಈ ಪರೀಕ್ಷೆಗೆ ಇಡೀ ಲ್ಯಾಬಿನ ಪರವಾಗಿ ಒಂದು ಕೋರಿಕೆ. ಹಲ್ಲು ಕೊರೆಯುವ ಮೊದಲೇ ಶಿಮ್ ಎಳೆದು, ಲ್ಯಾಬ್ ಚೀಟಿಯಲ್ಲಿ ಒಂದು ಸಾಲು ಬರೆಯಿರಿ: "16-46 ಹಿಡಿಯುತ್ತದೆ, 17-47 ಬಿಡುತ್ತದೆ, 26-36 ಹಿಡಿಯುತ್ತದೆ." (ಇವು ಎದುರುಬದುರಿನ ಹಲ್ಲುಗಳ ಸಂಖ್ಯೆಗಳು.) ಆ ಒಂದು ಸಾಲಿನಿಂದ ಮೌಂಟ್ ಮಾಡಿದ ಹತ್ತೇ ನಿಮಿಷದಲ್ಲಿ ನಮಗೆ ಬೈಟ್ ಸರಿಯೋ ತಪ್ಪೋ ಗೊತ್ತಾಗುತ್ತದೆ. ಕ್ರೌನ್ ಶುರು ಮಾಡುವ ಮೊದಲೇ, "ಡಾಕ್ಟ್ರೇ, 26 ಬಿಡ್ತಾ ಇದೆ, ಇನ್ನೊಂದ್ಸಲ ಬೈಟ್ ತೆಗೀತೀರಾ?" ಎಂದು ಕೇಳಬಹುದು.

ಎತ್ತರದ ಲೆಕ್ಕವೂ ತಿಳಿದಿರಲಿ. 19ನೇ ಶತಮಾನದಲ್ಲಿ ಬಾನ್ವಿಲ್ ಎಂಬ ಅಮೆರಿಕದ ದಂತವೈದ್ಯರು ಎರಡು ಕೀಲುಗಳು ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವೆ 4 ಇಂಚಿನ ಸಮಭುಜ ತ್ರಿಕೋನ ಕಲ್ಪಿಸಿದ್ದರು. ಸರಾಸರಿ ಅಳತೆಯ ಯಂತ್ರಗಳು ಇವತ್ತಿಗೂ ಆ ಕಲ್ಪನೆಗೆ ಹತ್ತಿರದಲ್ಲೇ ಇವೆ. ಕೀಲಿನಿಂದ ಬಾಚಿಹಲ್ಲು ಸುಮಾರು 10 ಸೆಂ.ಮೀ. ದೂರ, ಕೊನೆಯ ದವಡೆ ಹಲ್ಲು ಅದರ ಸರಿಸುಮಾರು ಅರ್ಧ. ಬಾಗಿಲ ಸಂದಿಯಲ್ಲಿ, ತಿರುಗಣೆಯ ಹತ್ತಿರ, ಬೆಣಚುಕಲ್ಲು ಸಿಕ್ಕ ಹಾಗೆ: ಹಿಂದೆ 0.1 ಮಿ.ಮೀ. ಎತ್ತರವಾದರೆ ಮುಂದೆ ಸುಮಾರು 0.2 ಮಿ.ಮೀ. ತೆರೆಯುತ್ತದೆ. ಹಿಂದಿನ ಹಲ್ಲಿನ ಸಣ್ಣ ತಪ್ಪನ್ನು ಮುಂದಿನ ಪಿನ್ನಿನಲ್ಲಿ ಓದಲು ಆಗುವುದು ಇದರಿಂದಲೇ.

ಲಕ್ಷಣ: ಕ್ರೌನ್ ಎದುರಿನ ಹಲ್ಲಿಗೆ ತಾಗುತ್ತಲೇ ಇಲ್ಲ

ಕೊನೆಯ ದವಡೆ ಹಲ್ಲಿನ ಕ್ರೌನಿನಲ್ಲಿ ಇದು ಹೆಚ್ಚು. ಆ ಹಲ್ಲು ಕೊರೆದ ಮೇಲೆ ಆ ಪಕ್ಕದಲ್ಲಿ ಮಾಡೆಲ್ಲಿಗೆ ಹಿಂದಿನ ಆಸರೆ ಇರುವುದಿಲ್ಲ, ಒತ್ತಿ ಹಿಡಿದರೆ ಹಿಂದೆ ಕುಸಿಯುತ್ತದೆ. ಕುಸಿದ ತೆರಪಿಗೆ ತಕ್ಕಂತೆ ಗಿಡ್ಡ ಕ್ರೌನ್ ಬರುತ್ತದೆ. ಕೊರೆದ ಹಲ್ಲಿನ ಮೇಲೆ ಬೈಟ್ ಇಟ್ಟು ಮತ್ತು ಇಡದೆ ಪಿನ್ ನೋಡಿ. ಎರಡರಲ್ಲಿ ವ್ಯತ್ಯಾಸ ಇದ್ದರೆ ಕಾರಣ ಸಿಕ್ಕಿತು. ಇನ್ನೊಂದು ಕಾರಣ, ಬೈಟನ್ನು ಪದೇ ಪದೇ ಇಟ್ಟು ತೆಗೆದು ಸ್ಟೋನ್ ತುದಿಗಳು ಸವೆದಿರುವುದು. ಸವೆದ ಜಾಗ ಹೊಳೆಯುತ್ತದೆ.

ಲಕ್ಷಣ: ಬೈಟ್ ಇಟ್ಟು ಮೌಂಟ್ ಮಾಡಿದರೆ ಹಿಂದಿನ ಒಂದೇ ಹಲ್ಲು ತಾಗುತ್ತದೆ, ಮುಂದೆಲ್ಲ ತೆರಪು

ಗಾಬರಿಯಾಗಿ ಬೈಟ್ ತಿರಸ್ಕರಿಸುವ ಮೊದಲು ಚೀಟಿ ಓದಿ. ಡಾಕ್ಟ್ರು ಕಳಿಸಿದ್ದು ಸೆಂಟ್ರಿಕ್ ರಿಲೇಶನ್ ಬೈಟ್ ಆಗಿದ್ದರೆ ಇದು ತಪ್ಪಲ್ಲ. ದವಡೆ ಕೀಲು ತನ್ನ ಜಾಗದಲ್ಲಿ ಕೂತಾಗ ಹಲ್ಲುಗಳು ಸೇರುವ ಕಡೆಯೂ, ಹಲ್ಲುಗಳು ಪೂರ್ತಿ ಕಚ್ಚುವ ಕಡೆಯೂ ಬಹುಪಾಲು ಜನರಲ್ಲಿ ಒಂದೇ ಅಲ್ಲ. ಮೊದಲು ಹಿಂದೆ ಒಂದು ಹಲ್ಲು ತಾಗಿ, ಅಲ್ಲಿಂದ ದವಡೆ ಜಾರಿ ಪೂರ್ತಿ ಕಚ್ಚಿಗೆ ಬರುತ್ತದೆ. ಆರ್ಟಿಕ್ಯುಲೇಟರ್ ಆ ಮೊದಲ ತಾಗುವಿಕೆಯನ್ನೇ ತೋರಿಸುತ್ತಿದೆ. ರೋಗಿಯ ಬಾಯಲ್ಲಿ ಅದೇ ಹಲ್ಲು ಮೊದಲು ತಾಗುತ್ತದೆಯೇ ಎಂದು ಕೇಳಿ ತಿಳಿಯಿರಿ. ಅದೇ ಹಲ್ಲು, ಅದೇ ಜಾಗ ಎಂದಾದರೆ ನಿಮ್ಮ ಮೌಂಟಿಂಗಿಗೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ.

ಲಕ್ಷಣ: ಒಂದು ಬೈಟ್ ಹೇಳುವುದನ್ನು ಇನ್ನೊಂದು ಒಪ್ಪುವುದಿಲ್ಲ

ಹೆಚ್ಚು ಹಲ್ಲುಗಳ ಕೆಲಸ, ಪೂರ್ತಿ ಬಾಯಿಯ ಪುನರ್ನಿರ್ಮಾಣ ಎಂದರೆ ಒಂದೇ ಬೈಟನ್ನು ನಂಬಿ ಕೈ ಹಾಕಬಾರದು. ಮೂರು ತೆಗೆಸಿ. ಇಲ್ಲಿ ಬಳಸುವುದು ಸ್ಪ್ಲಿಟ್ ಕಾಸ್ಟ್, ಅಂದರೆ ಪ್ಲಾಸ್ಟರಿನಿಂದ ಬಿಡಿಸಿ ಮತ್ತೆ ಅದೇ ಜಾಗಕ್ಕೆ ಕೂರಿಸಬಲ್ಲ ಮಾಡೆಲ್. ಇದಕ್ಕೆ ಹೆಚ್ಚಿನ ಖರ್ಚಿಲ್ಲ, ತಾಳ್ಮೆ ಬೇಕು ಅಷ್ಟೇ.

ಮೇಲಿನ ಮಾಡೆಲ್ಲಿನ ಬುಡದಲ್ಲಿ ಇಳಿಜಾರು ಅಂಚಿನ ಮೂರು-ನಾಲ್ಕು ತೋಡು ಕೊರೆಯಿರಿ. ವ್ಯಾಸಲೀನ್ ಸವರಿ, ಫೇಸ್‌ಬೋ (ಮೇಲಿನ ದವಡೆ ಕೀಲಿನಿಂದ ಎಲ್ಲಿದೆ ಎಂದು ಅಳೆದು ಯಂತ್ರಕ್ಕೆ ತರುವ ಸಾಧನ) ಅಳತೆಗೆ ಅದನ್ನು ಮೌಂಟ್ ಮಾಡಿ. ಕೆಳಗಿನ ಮಾಡೆಲ್ಲನ್ನು ಮೊದಲ ಬೈಟ್ ಇಟ್ಟು ಮೌಂಟ್ ಮಾಡಿ. ಗಟ್ಟಿಯಾದ ಮೇಲೆ ಮೇಲಿನ ಮಾಡೆಲ್ಲನ್ನು ಪ್ಲಾಸ್ಟರಿನಿಂದ ಮೆಲ್ಲಗೆ ಬಿಡಿಸಿ. ಈಗ ಅದು ಬಿಡಿ, ಆದರೆ ತೋಡುಗಳಿಂದಾಗಿ ಒಂದೇ ಜಾಗಕ್ಕೆ ಮರಳಿ ಕೂರಬಲ್ಲದು. ಕಾಂಡೈಲ್ (ಯಂತ್ರದ ಕೀಲಿನ ಗುಂಡು) ಸೆಂಟ್ರಿಕ್ ಲಾಕಿನಲ್ಲೇ ಇರಲಿ, ಪಿನ್ ಮೇಲಕ್ಕೆತ್ತಿ. ಕೆಳಗಿನ ಮಾಡೆಲ್ ಮೇಲೆ ಎರಡನೇ ಬೈಟ್ ಇಟ್ಟು, ಅದರ ಮೇಲೆ ಬಿಡಿ ಮಾಡೆಲ್ ಕೂರಿಸಿ, ಮೇಲಿನ ತೋಳನ್ನು ಮೆಲ್ಲಗೆ ಇಳಿಸಿ. ಪ್ಲಾಸ್ಟರಿನ ಉಬ್ಬುಗಳು ತೋಡುಗಳಲ್ಲಿ ಕೂದಲೆಳೆಯ ತೆರಪೂ ಇಲ್ಲದೆ ಕೂತರೆ ಎರಡು ಬೈಟ್ ಒಂದನ್ನೇ ಹೇಳುತ್ತಿವೆ. ಹಿಂದಿನಿಂದ ಟಾರ್ಚ್ ಹಿಡಿದರೆ ಬೆಳಕು ನುಸುಳಬಾರದು, ಶಿಮ್ ತೂರಬಾರದು.

ಕೂರದಿದ್ದರೆ ಹೇಗೆ ಕೂರಲಿಲ್ಲ ಎನ್ನುವುದನ್ನು ಓದಿ. ಬಿಡಿ ಮಾಡೆಲ್ ತನ್ನ ಪ್ಲಾಸ್ಟರಿಗಿಂತ ಹಿಂದಕ್ಕೆ ಸರಿದಿದ್ದರೆ ಎರಡನೇ ಬೈಟಿನಲ್ಲಿ ಕೆಳದವಡೆ ಮುಂದಕ್ಕೆ ಬಂದಿತ್ತು. ಪಕ್ಕಕ್ಕೆ ಸರಿದಿದ್ದರೆ ಒಂದು ಕಡೆಗೆ ವಾಲಿಸಿ ಕಚ್ಚಿದ್ದಾರೆ. ಸರಿಯದೆ ಒಂದೇ ಪಕ್ಕ ತೆರೆದಿದ್ದರೆ ಬೈಟಿನ ಆ ಪಕ್ಕ ಬಾಗಿದೆ, ಇಲ್ಲವೇ ಆ ಪಕ್ಕದ ಅಂಚು ಕತ್ತರಿಸಿಲ್ಲ. ಇದನ್ನು ಕತ್ತರಿಸಿ ಮತ್ತೆ ನೋಡಬಹುದು, ಮೊದಲೆರಡಕ್ಕೆ ಮರುಬೈಟೇ ದಾರಿ.

ಎರಡು ಬೈಟ್ ಒಪ್ಪದಿದ್ದಾಗ ಯಾವುದು ತಪ್ಪು ಎಂದು ಎರಡರಿಂದ ತಿಳಿಯದು. ಮೂರನೆಯದು ಯಾವುದಕ್ಕೆ ಸೇರುತ್ತದೆ ನೋಡಿ, ಆ ಜೋಡಿಯನ್ನು ಇಟ್ಟುಕೊಳ್ಳಿ. ಮೂರೂ ಮೂರು ದಿಕ್ಕಿಗಿದ್ದರೆ ಅದು ರೋಗಿಯ ಸ್ನಾಯುಗಳು ಸಡಿಲಗೊಂಡಿಲ್ಲ ಎಂಬ ಸೂಚನೆ. ಮುಂದಿನ ಹಲ್ಲುಗಳ ನಡುವೆ ಲೀಫ್ ಗೇಜ್ (ತೆಳು ಹಾಳೆಗಳ ಕಟ್ಟು) ಇಟ್ಟು, ಅಥವಾ ಹತ್ತಿಯ ಸುರುಳಿ ಕಚ್ಚಿಸಿ ಹತ್ತು-ಹದಿನೈದು ನಿಮಿಷ ಕೂರಿಸಿ, ಮತ್ತೆ ತೆಗೆಯಬೇಕು.

ಇನ್ನೂ ಒಂದು ಮಾತು, ಇದನ್ನು ಮರೆಯಬೇಡಿ: ಮೂರು ಬೈಟ್ ಒಪ್ಪಿದರೆ ಕಚ್ಚು ಮೂರು ಸಲವೂ ಒಂದೇ ಜಾಗಕ್ಕೆ ಬಂತು ಎಂದು ಮಾತ್ರ ಸಾಬೀತಾಗುತ್ತದೆ. ಮೂರು ಸಲವೂ ಗಲ್ಲವನ್ನು ಒಂದೇ ರೀತಿ ತಪ್ಪಾಗಿ ಒತ್ತಿದ್ದರೆ ಮೂರೂ ತಪ್ಪು ಕೂಡ ಒಪ್ಪುತ್ತವೆ. ಮೊದಲ ತಾಗುವಿಕೆಯನ್ನು ಬಾಯಲ್ಲಿ ಹೋಲಿಸಿ ನೋಡಲು ಹೇಳಿದ್ದು ಅದಕ್ಕೇ.

ದಪ್ಪದ ವಿಷಯ. ಫೇಸ್‌ಬೋ ಇಲ್ಲದೆ ಅಂದಾಜಿನಲ್ಲಿ ಮೌಂಟ್ ಮಾಡಿದ್ದರೆ ಯಂತ್ರದ ತಿರುಗು ಅಕ್ಷ ರೋಗಿಯ ಅಕ್ಷದ ಮೇಲೆ ಇರುವುದಿಲ್ಲ. ಆಗ ಬೈಟುಗಳ ದಪ್ಪ ಬೇರೆ ಬೇರೆಯಾಗಿದ್ದರೆ, ಎರಡೂ ಸರಿಯಾದ ಬೈಟೇ ಆಗಿದ್ದರೂ ಒಪ್ಪುವುದಿಲ್ಲ. ಅಕ್ಷ 5 ಮಿ.ಮೀ. ತಪ್ಪಿದ್ದು ಬೈಟ್ 3 ಮಿ.ಮೀ. ದಪ್ಪ ಇದ್ದರೆ, ಎರಡನೇ ದವಡೆ ಹಲ್ಲಿನ ಬಳಿ ಸುಮಾರು 0.2 ಮಿ.ಮೀ. ಹಿಂದೆ-ಮುಂದೆ ವ್ಯತ್ಯಾಸ ಬರುತ್ತದೆ ಎಂಬುದು ಪ್ರಾಸ್ತೊಡಾಂಟಿಕ್ಸ್ (ಕೃತಕ ಹಲ್ಲುಗಳ ಶಾಸ್ತ್ರ) ಪಾಠಗಳಲ್ಲಿ ಹೇಳುವ ಲೆಕ್ಕ. ಹಾಗಾಗಿ ಮೂರೂ ಬೈಟ್ ತೆಳ್ಳಗಿರಲಿ, ಸಮ ದಪ್ಪ ಇರಲಿ. ಆದರೆ ಇದು ಒಂದೋ ಎರಡೋ ಕ್ರೌನಿನ ಬೈಟಿನ ಹಾಗಲ್ಲ, ಇಲ್ಲಿ ಹಲ್ಲು ಹಲ್ಲಿಗೆ ತಾಗಿ ಬೈಟಿನಲ್ಲಿ ತೂತು ಬಿದ್ದಿದ್ದರೆ ಆ ಬೈಟ್ ಬೇಡ. ತಾಗಿದ ಕ್ಷಣವೇ ದವಡೆ ಜಾರಿರುತ್ತದೆ.

ಲಕ್ಷಣ: ದವಡೆ ಮುಂದೆ ಚಾಚಿ ಕಚ್ಚಿಸಿದ ಬೈಟಿನಿಂದ ಕಾಂಡೈಲ್ ಕೋನ (ಕೀಲು ಮುಂದೆ ಜಾರುವ ದಾರಿಯ ಇಳಿಜಾರು) ವಿಚಿತ್ರವಾಗಿ ಬರುತ್ತದೆ

ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸಿನಲ್ಲಿ ಬರಬೇಕಾದದ್ದು ಒಂದು ಕಡೆ 5, ಇನ್ನೊಂದು ಕಡೆ 55 ಎಂದರೆ, ಮೊದಲು ದವಡೆ ಎಷ್ಟು ಮುಂದೆ ಬಂದಿದೆ ಅಳೆಯಿರಿ. 5-6 ಮಿ.ಮೀ. ಬೇಕು. 2-3 ಮಿ.ಮೀ. ಮಾತ್ರ ಬಂದಿದ್ದರೆ ಆ ಸಣ್ಣ ಚಲನೆಯಲ್ಲಿ ಕೋನ ಓದಲಾಗುವುದಿಲ್ಲ, ಯಂತ್ರ ಏನೋ ಒಂದು ಸಂಖ್ಯೆ ಕೊಡುತ್ತದೆ. ನಡುಗೆರೆ ಪಕ್ಕಕ್ಕೆ ಸರಿದಿದ್ದರೆ ಎಡಬಲ ಕೋನಗಳು ಬೇರೆಯಾಗುತ್ತವೆ. ಎರಡೂ ಸರಿಯಿದ್ದು ಕೋನ ಮಾತ್ರ ವಿಪರೀತ ಎಂದರೆ, ಆ ಸಂಖ್ಯೆ ಬಿಟ್ಟು ಸರಾಸರಿಗೆ ಇಟ್ಟುಕೊಳ್ಳುವ ಮೊದಲು ಡಾಕ್ಟ್ರಿಗೆ ತಿಳಿಸಿ. ಕೀಲಿನಲ್ಲೇ ತೊಂದರೆ ಇರಬಹುದು.

ಲಕ್ಷಣ: ಹಲ್ಲುಸೆಟ್ಟು ಆರ್ಟಿಕ್ಯುಲೇಟರ್ ಮೇಲೆ ಚೆಂದ, ಊಟಕ್ಕೆ ಕೂತರೆ ಕೆಳಗಿನದು ಎದ್ದು ಬರುತ್ತದೆ

ಪೂರ್ತಿ ಸೆಟ್ಟಿನ ಬೈಟ್ ಹಲ್ಲಿನ ಮೇಲಲ್ಲ, ಒಸಡಿನ ಮೇಲೆ ಕೂತ ಬೇಸಿನ ಮೇಲೆ ನಿಂತಿರುತ್ತದೆ. ಬೇಸ್ ಮಾಡೆಲ್ ಮೇಲೆ ಅಲುಗಿದರೆ ಅದರ ಮೇಲಿನ ಬೈಟ್ ನಂಬುವಂತಿಲ್ಲ. ಆಮೇಲೆ ಮೌಂಟ್ ಆದ ಮಾಡೆಲ್ಲಿನ ಹಿಂದುಗಡೆ ನೋಡಿ. ಮೇಲಿನ ಮತ್ತು ಕೆಳಗಿನ ಬೇಸುಗಳ ಹಿಮ್ಮಡಿ ಒಂದಕ್ಕೊಂದು ತಾಗುತ್ತಿವೆಯೇ? ಬಾಯಲ್ಲೂ ತಾಗಿದ್ದರೆ ಬೈಟ್ ತೆಗೆಯುವಾಗಲೇ ಬೇಸ್ ಎದ್ದಿತ್ತು, ಮುಂದೆ ಮೇಣ ಸೇರಿದಂತೆ ಕಂಡಿದೆ ಅಷ್ಟೇ. ಇದನ್ನು ತಪ್ಪಿಸಿಕೊಳ್ಳುವವರು ಬಹಳ, ಹುಡುಕಲು ಒಂದು ಟಾರ್ಚ್ ಸಾಕು.

ಅಕ್ರಿಲಿಕ್ ಬೇಯಿಸಿದ ಮೇಲೆ, ಸೆಟ್ಟನ್ನು ಮಾಡೆಲ್ಲಿನಿಂದ ಬಿಡಿಸುವ ಮೊದಲು ಮತ್ತೆ ಆರ್ಟಿಕ್ಯುಲೇಟರಿಗೆ ಹಾಕಿ ಪಿನ್ ನೋಡಿ. ಸ್ವಲ್ಪ ಏಳುವುದು ಸಹಜ, ಅದನ್ನು ಅಲ್ಲೇ ಉಜ್ಜಿ ಸರಿಮಾಡಬಹುದು. ಹೆಚ್ಚು ಎದ್ದಿದ್ದರೆ ಫ್ಲಾಸ್ಕ್ (ಅಕ್ರಿಲಿಕ್ ಬೇಯಿಸುವ ಲೋಹದ ಡಬ್ಬಿ) ಪೂರ್ತಿ ಮುಚ್ಚಿರಲಿಲ್ಲ, ಬೈಟಿನ ತಪ್ಪಲ್ಲ. ರೋಗಿಗೆ ಕೊಟ್ಟ ಮೇಲೂ ಸೆಟ್ ಜಾರುತ್ತಿದ್ದರೆ ಬಾಯಲ್ಲೇ ಕಾಗದ ಇಟ್ಟು ಉಜ್ಜುವ ಬದಲು ಹೊಸ ಬೈಟ್ ತೆಗೆದು ಮತ್ತೆ ಮೌಂಟ್ ಮಾಡಿ. ಮೆತ್ತನೆ ಒಸಡಿನ ಮೇಲೆ ಸೆಟ್ ಸರಿಯುವುದರಿಂದ ಬಾಯಲ್ಲಿ ಬಿದ್ದ ಗುರುತುಗಳು ದಾರಿ ತಪ್ಪಿಸುತ್ತವೆ.

ಸ್ಕ್ಯಾನರ್ ಬೈಟ್ ಆದರೆ

ಲಕ್ಷಣ ಅದೇ, ಜಾಗ ಬೇರೆ. ಪರದೆಯ ಮೇಲೆ ಎರಡು ದವಡೆ ಒಂದರೊಳಗೊಂದು ಹೊಕ್ಕಂತೆ ಕಂಡರೆ, ಅಥವಾ ಸ್ಕ್ಯಾನ್ ಮಾಡಿದ ಪಕ್ಕ ಬಿಗಿ, ಇನ್ನೊಂದು ಪಕ್ಕ ತೆರೆದಂತೆ ಕಂಡರೆ ಎರಡೂ ಪಕ್ಕ ಕಚ್ಚಿಸಿ ಮತ್ತೆ ಸ್ಕ್ಯಾನ್ ಮಾಡಿ. ಶಿಮ್ ಪಟ್ಟಿ ಇಲ್ಲೂ ಅಷ್ಟೇ ಉಪಯೋಗಕ್ಕೆ ಬರುತ್ತದೆ.

ಎಲ್ಲಿ ನಿಲ್ಲಿಸಬೇಕು

ಲ್ಯಾಬಿನವರು ರೋಗಿಯ ಬಾಯಲ್ಲಿ ಕೆಲಸ ಮಾಡಬಾರದು, ಯಾರು ಎಷ್ಟೇ ಒತ್ತಾಯಿಸಿದರೂ. ಎದುರಿನ ಹಲ್ಲು ಉಜ್ಜಬೇಕೋ ಬೇಡವೋ ಎಂಬುದು ದಂತವೈದ್ಯರ ನಿರ್ಧಾರ, ಅದಕ್ಕೆ ರೋಗಿಯ ಒಪ್ಪಿಗೆ ಬೇಕು.

ಕ್ರೌನ್ ಉಜ್ಜುವಾಗ ಗೇಜಿನಿಂದ ದಪ್ಪ ನೋಡುತ್ತಿರಿ. ತಯಾರಕರು ಹೇಳಿದ ಕನಿಷ್ಠ ದಪ್ಪಕ್ಕೆ ಬಂದೂ ಇನ್ನೂ ಹೈ ಇದ್ದರೆ ಅಲ್ಲಿಗೆ ನಿಲ್ಲಿಸಿ, ಹೊಸದಾಗಿ ಮಾಡಿ. ಉಜ್ಜಿದ ಜಿರ್ಕೋನಿಯಾವನ್ನು ಪಾಲಿಶ್ ಮಾಡದೆ ಬಿಟ್ಟರೆ ಎದುರಿನ ಹಲ್ಲು ಸವೆಯುತ್ತದೆ.

ರೋಗಿಗೆ ಕಿವಿಯ ಮುಂದೆ ನೋವು ಇದ್ದರೆ, ಬಾಯಿ ಪೂರ್ತಿ ತೆರೆಯಲಾಗದಿದ್ದರೆ, ದವಡೆ ಸಿಕ್ಕಿಕೊಳ್ಳುತ್ತಿದ್ದರೆ, ಅಥವಾ ಸಡಿಲಗೊಳಿಸಿದ ಮೇಲೂ ಎರಡು ಸಲ ಒಂದೇ ಕಡೆ ಕಚ್ಚಲಾಗದಿದ್ದರೆ, ಆ ಕೇಸಿನಲ್ಲಿ ಶಾಶ್ವತ ಕೆಲಸ ಯಾವುದನ್ನೂ ಮುಂದುವರಿಸಬೇಡಿ. ಕೀಲು ನೋಡಬಲ್ಲ ಪ್ರಾಸ್ತೊಡಾಂಟಿಸ್ಟ್ ಅಥವಾ ಓರಲ್ ಮೆಡಿಸಿನ್ ತಜ್ಞರ ಬಳಿ ಕಳಿಸಬೇಕು. ಹತ್ತಿರ ಅಂಥವರು ಇಲ್ಲದಿದ್ದರೆ ಯಾವುದಾದರೂ ದಂತ ವೈದ್ಯಕೀಯ ಕಾಲೇಜಿನ ಹೊರರೋಗಿ ವಿಭಾಗಕ್ಕೆ ಹೋಗಬಹುದು. ಹೋಗುವಾಗ ಮೌಂಟ್ ಆದ ಮಾಡೆಲ್, ಎಲ್ಲ ಬೈಟುಗಳು, ಶಿಮ್ ಪಟ್ಟಿ ಮೂರನ್ನೂ ಒಂದೇ ಡಬ್ಬಿಯಲ್ಲಿ ಹಾಕಿ, ಪ್ರತಿ ಬೈಟಿನ ಮೇಲೆ ತೆಗೆದ ದಿನಾಂಕ ಬರೆದು ಕೊಟ್ಟು ಕಳಿಸಿ.